ಒಂದು ಸಿಡಿಗೆ ನಾಲ್ಕು ಸಲ ಮಂಗಳೂರು

ಮಾರಾಯ್ರೆ, ತಲೆ ಕೆಟ್ಟು ಹೋಗಿದೆ. ಮನೆಯಲ್ಲಿ ಕೂಗಾಡಿದರೆ ಅಮ್ಮನ ಬಿಪಿ ಏರುತ್ತದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಹೋದ ತಿಂಗಳು ಅಮ್ಮನಿಗೆ ಎದೆನೋವು ಬಂತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ (ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡಿ, ಬೈಪಾಸ್ ಆಗಬೇಕು ಎಂದರು. ಬೇಕಾದರೆ ಮಾಡಿಸುವ, ಅದಕ್ಕೇನು. ಆದರೆ 71 ವರ್ಷದವರ ಎದೆ ತೆರೆಯುವ ಮಾತು. ಇನ್ನೊಬ್ಬ ಡಾಕ್ಟರ ಹತ್ತಿರ ಕೇಳಿಬಿಡೋಣ ಎಂದು ಮಣಿಪಾಲಕ್ಕೆ ಹೋದೆವು. ಅವರು ಡಿಸ್‌ಚಾರ್ಜ್ ಸಮ್ಮರಿ ಓದಿ, "ಬರೆದದ್ದು ಸರಿ, ಆದರೆ ಬ್ಲಾಕ್ ಎಲ್ಲಿದೆ ಅಂತ ನಾನು ನೋಡಬೇಕಲ್ಲ, ಸಿಡಿ ಎಲ್ಲಿ?" ಎಂದರು. ಆಂಜಿಯೋಗ್ರಾಮಿನ ಚಿತ್ರ ಇರುವ ಆ ಸಿಡಿಯನ್ನು ಮಂಗಳೂರಿನವರು ಕೊಟ್ಟಿರಲಿಲ್ಲ. ನಾವೂ ಕೇಳಿರಲಿಲ್ಲ, ಅದು ನಮ್ಮ ಪೆದ್ದುತನ.

ಮೂಲ್ಕಿಯಿಂದ ಬಸ್ಸು ಹತ್ತಿ ಮಂಗಳೂರಿನ ಅದೇ ಆಸ್ಪತ್ರೆಗೆ ಹೋದೆ. ರೆಕಾರ್ಡ್ ವಿಭಾಗ ಕೆಳಗೆ, ಪಾರ್ಕಿಂಗ್ ಪಕ್ಕದಲ್ಲಿ. "ಡಾಕ್ಟರ ಸೈನ್ ಬೇಕು." ಡಾಕ್ಟರು ಕ್ಯಾಥ್‌ಲ್ಯಾಬ್‌ನಲ್ಲಿ, ಆಂಜಿಯೋಗ್ರಾಮ್ ಮಾಡುವ ಕೋಣೆಯಲ್ಲಿ. ಎರಡನೇ ಸಲ ಸೈನ್ ತಂದೆ, "ಸೂಪರಿಂಟೆಂಡೆಂಟರದ್ದೂ ಬೇಕು" ಎಂದರು. ಮೂರನೇ ಸಲ ಸರ್ವರ್ ಇಲ್ಲ. ನಾಲ್ಕನೇ ಸಲ ಏನು ಗೊತ್ತಾ? ಖಾಲಿ ಸಿಡಿ ಮುಗಿದಿದೆಯಂತೆ!

"ಪೆನ್‌ಡ್ರೈವ್ ತಂದಿದ್ದೇನೆ" ಅಂದೆ.

"ಅದು ಹಾಕ್ಲಿಕ್ಕಿಲ್ಲ ಸರ್, ವೈರಸ್ ಬರ್ತದೆ."

ಕಂಪ್ಯೂಟರ್‌ಗೆ ವೈರಸ್ ಬಂದರೆ ಎಷ್ಟು ಚಿಂತೆ ನೋಡಿ! ಆ ಹುಡುಗಿಯ ತಪ್ಪಲ್ಲ ಬಿಡಿ, ಮೇಲಿನವರು ಹೇಳಿದ್ದನ್ನು ಹೇಳುತ್ತಾಳೆ. ಆದರೆ ಡಿಸ್‌ಚಾರ್ಜ್ ದಿನ ಏಳು ಹಾಳೆಯ ಬಿಲ್ಲು, ಹತ್ತಿ, ಗ್ಲೌಸ್ ಲೆಕ್ಕ ಸಮೇತ, ಅರ್ಧ ಗಂಟೆಯಲ್ಲಿ ಪ್ರಿಂಟಾಗಿ ಬಂದಿತ್ತು. ಆ ದಿನ ಸರ್ವರ್ ಚೆನ್ನಾಗಿಯೇ ಇತ್ತು.

ನಾನು ಸುಮ್ನೆ ಗಲಾಟೆ ಮಾಡುತ್ತಿಲ್ಲ. ವೈದ್ಯರ ವೃತ್ತಿ ನಡತೆಗೆ 2002ರ ನಿಯಮಗಳಿವೆ, ಭಾರತೀಯ ವೈದ್ಯಕೀಯ ಪರಿಷತ್ತು ಮಾಡಿದ್ದು. ರೋಗಿ ಅಥವಾ ಅವರ ಕಡೆಯವರು ದಾಖಲೆ ಕೇಳಿದರೆ ಅರ್ಜಿ ಬಂದಿದೆ ಎಂದು ಒಪ್ಪಿಕೊಂಡು, 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆ ಮೂರು ವರ್ಷ ಇಟ್ಟುಕೊಳ್ಳಬೇಕು. ಇದು ಬರೀ ಉಪದೇಶ ಅಲ್ಲ. ಕೊಡದಿದ್ದರೆ ದುರ್ನಡತೆ ಎಂದು ಅದೇ ನಿಯಮದ ಏಳನೇ ಅಧ್ಯಾಯದಲ್ಲಿದೆ. 2023ರಲ್ಲಿ ಹೊಸ ನಿಯಮ ತಂದು ಈ 72 ಗಂಟೆಯನ್ನು ಐದು ಕೆಲಸದ ದಿನ ಮಾಡಿದ್ದರು, ಅದೇ ಆಗಸ್ಟಿನಲ್ಲಿ ಅದಕ್ಕೆ ತಡೆ ಬಿತ್ತು, ಹಳೆಯದೇ ಮತ್ತೆ ಜಾರಿಗೆ ಬಂತು. ಐದು ದಿನವೇ ಇಟ್ಟುಕೊಳ್ಳಿ, ನನ್ನದು ಹನ್ನೊಂದನೇ ದಿನ!

ಇನ್ನೊಂದು. ಸ್ಟೆಂಟೋ (ರಕ್ತನಾಳ ತೆರೆದಿಡಲು ಹಾಕುವ ಸಣ್ಣ ಕೊಳವೆ) ಬೈಪಾಸೋ ಎಂಬ ಕಷ್ಟದ ಪ್ರಶ್ನೆ ಬಂದಾಗ ಹೃದ್ರೋಗ ತಜ್ಞರೂ ಸರ್ಜನ್ನರೂ ಒಟ್ಟಿಗೆ ಕೂತು ನೋಡಬೇಕು, ರೋಗಿಯ ಮಾತನ್ನೂ ಕೇಳಬೇಕು ಎಂದು ವೈದ್ಯರದ್ದೇ ಮಾರ್ಗಸೂಚಿಗಳು ಹೇಳುತ್ತವೆ. ನಮಗೆ ಸಿಕ್ಕಿದ್ದು ವಾರ್ಡಿನ ಬಾಗಿಲಲ್ಲಿ ಎರಡು ನಿಮಿಷ. "ಬೇಗ ಡಿಸೈಡ್ ಮಾಡಿ" ಅಂದರು, ಹೋದರು. ಎಂತ ನೋಡಿ ಡಿಸೈಡ್ ಮಾಡುವುದು?

ನಿನ್ನೆ ಅರ್ಜಿ ಎರಡು ಪ್ರತಿ ಬರೆದು, "ಒಂದಕ್ಕೆ ಸೀಲ್ ಹಾಕಿ ಕೊಡಿ" ಅಂದೆ. ಸೀಲ್ ಅಲ್ಲೇ ಇಂಕ್ ಪ್ಯಾಡಿನ ಮೇಲೆ ಕೂತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. "ಸೀಲ್ ಹಾಕುವ ಕ್ರಮ ಇಲ್ಲ ಸರ್." ಹೊರಗೆ ಬಂದು ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್ ಮಾಡಿದೆ. ಇನ್ನು 72 ಗಂಟೆ ನೋಡಿ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ದೂರು ಬರೆಯುತ್ತೇನೆ. ಬರೆದು ಅನುಭವ ಇದ್ದವರು ದಯವಿಟ್ಟು ಹೇಳಿ, ಡಾಕ್ಟರ ಮೇಲೆ ಬರೆಯಬೇಕಾ, ಸೂಪರಿಂಟೆಂಡೆಂಟರ ಮೇಲಾ?

ಸಂಜೆ ಪಕ್ಕದ ಮನೆಯ ಅಕ್ಕ ಬಂದು, "ಆಪರೇಷನ್ ಯಾವಾಗ?" ಎಂದು ಕೇಳಿದರು. ಅಮ್ಮ ಚಾವಡಿಯಲ್ಲಿ ಮಲ್ಲಿಗೆ ಕಟ್ಟುತ್ತಾ, ತಲೆ ಎತ್ತದೆ ಹೇಳಿದರು: "ಅವರಿಗೆ ಸಿಡಿ ಸಿಕ್ಕಿದ ಮೇಲೆ."