ಪ್ರೊಸೆಸರಿಗೊಂದು ಟೋಪಿ, ನಮಗೊಂದು ಟೋಪಿ

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು, ಸಾಕೆಟ್ ಎಂದರೆ ಅದು ಕೂರುವ ಪೀಠ. 2000ದಲ್ಲಿ ಬಂದ, ಎಎಂಡಿ ಕಂಪನಿಯ ಸಾಕೆಟ್ ಎ ಅಥ್ಲಾನ್ ಪ್ರೊಸೆಸರನ್ನು ಕಂಡವರಿಗೆ ಗೊತ್ತು, ಪಾಪ, ಅದು ಬರಿತಲೆಯಲ್ಲಿತ್ತು. ನಡುವೆ ಉಗುರಿನಷ್ಟು ಸಿಲಿಕಾನ್, ಅದೇ ಕೋರು. ಅದರ ಮೇಲೆ ಶಾಖ ಹೀರುವ, ಅಂಗೈಯಗಲದ ಹೀಟ್‌ಸಿಂಕ್ ಕೂರಿಸಿ, ಉಕ್ಕಿನ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಮೀಟಿ ಕೊಕ್ಕೆಗೆ ಸಿಕ್ಕಿಸಬೇಕು. ಕೈ ಕೊಂಚ ವಾಲಿತೋ, ಕೋರಿನ ಮೂಲೆ ಚಟ್! ಇದನ್ನು ತಡೆಯಲು ಎಎಂಡಿ ಕೊಟ್ಟಿದ್ದ ಝಡ್ ಪ್ಲಸ್ ಭದ್ರತೆ ಎಂದರೆ ನಾಲ್ಕು ಮೂಲೆಗೆ ನಾಲ್ಕು ಮೆತ್ತನೆಯ ಬಿಲ್ಲೆ.

ಬಿಲ್ಲೆ ನಂಬದವರು ತಾಮ್ರದ ಶಿಮ್ (ತೆಳು ತಗಡು) ಕೊಂಡು ಕೋರಿನ ಸುತ್ತ ಇಟ್ಟರು. ಶಿಮ್ ಕೋರಿಗಿಂತ ಕೂದಲೆಳೆಯಷ್ಟು ದಪ್ಪವಾದರೂ ಸಾಕು, ಹೀಟ್‌ಸಿಂಕ್ ಅದರ ಮೇಲೆಯೇ ಹಾಯಾಗಿ ಕೂತು ಕೋರಿನ ಗೊಡವೆಗೇ ಹೋಗುತ್ತಿರಲಿಲ್ಲ. ಮೂಲೆ ಉಳಿಯಿತು, ಪ್ರೊಸೆಸರ್ ಸುಟ್ಟುಹೋಯಿತು.

ಪೆಂಟಿಯಂ 4ಕ್ಕೆ ಇಂಟೆಲ್ ಮೊದಲೇ ಚಿಪ್ಪನ್ನು ಮುಚ್ಚುವ ಲೋಹದ ಟೋಪಿ ಹಾಕಿತ್ತು. 2003ರಲ್ಲಿ ಅಥ್ಲಾನ್ 64ಕ್ಕೂ ಟೋಪಿ ಬಂತು. ಒತ್ತಡವೆಲ್ಲ ಟೋಪಿಯ ಮೇಲೆ, ಇನ್ನೇನು ಭಯ ಎಂದುಕೊಂಡೆವು.

ಭಯ 2021ರ ನವೆಂಬರಿನಲ್ಲಿ ಬಂತು, ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರುಗಳ ಜೊತೆ. ಹೊಸ ಎಲ್‌ಜಿಎ 1700 ಸಾಕೆಟ್ಟಿಗೆ ತಕ್ಕಂತೆ ಪ್ರೊಸೆಸರ್ ಉದ್ದವಾಯಿತು: 37.5 ಮಿ.ಮೀ. ಅಗಲ, 45 ಮಿ.ಮೀ. ಉದ್ದ. ಅದನ್ನು ಹಿಡಿದಿಡುವ ಲಿವರಿನ ಚೌಕಟ್ಟು ಮಾತ್ರ ಎರಡು ಉದ್ದ ಬದಿಗಳ ನಟ್ಟನಡುವೆಯೇ ಅದುಮುತ್ತದೆ. ಅಕ್ಕಿ ಮೂಟೆಯನ್ನು ನಡುವಿಗೆ ಕಟ್ಟಿದ ಹಾಗೆ! ನಡುಭಾಗ ತಗ್ಗುತ್ತದೆ, ತುದಿಗಳು ಏಳುತ್ತವೆ. ಹೀಟ್‌ಸಿಂಕ್ ತುದಿಗಳ ಮೇಲೆ ಕೂತರೆ, ಬೇಯುತ್ತಿರುವ ನಡುಭಾಗಕ್ಕೆ ಸಂದು ತುಂಬುವ ಶಾಖವಾಹಕ ಪೇಸ್ಟೇ ಗತಿ. ಹೀಟ್‌ಸಿಂಕಿಗಾಗಿ ಕಾದಿದ್ದ ಟೋಪಿಯನ್ನು ಅದು ಬರುವ ಮೊದಲೇ ಸಾಕೆಟ್ಟು ಹಿಸುಕಿತ್ತು.

ಚೌಕಟ್ಟಿನಡಿ 1 ಮಿ.ಮೀ. ವಾಷರ್ ಇಟ್ಟು ಒತ್ತಡ ಇಳಿಸಿದವರಿಗೆ ಶಾಖ ಸುಮಾರು 5 ಡಿಗ್ರಿ ಇಳಿಯಿತು. ಕೆಲವು ಪೈಸೆಯ ವಾಷರ್! 2022ರಲ್ಲಿ ಇಂಟೆಲ್ ಹೇಳಿದ್ದರ ಸಾರ ಇಷ್ಟು: ಸ್ವಲ್ಪ ಬಾಗುವುದು ನಿರೀಕ್ಷಿತವೇ, ಅದರಿಂದ ತೊಂದರೆಯಿಲ್ಲ, ಆದರೆ ನೀವು ಸಾಕೆಟ್ಟಿಗೆ ಕೈಹಾಕಿದರೆ ವಾರಂಟಿ ಹೋದೀತು. ರಸ್ತೆಯಲ್ಲಿ ಗುಂಡಿ ಬೀಳುವುದು ನಿರೀಕ್ಷಿತ, ಮಣ್ಣು ತುಂಬಿದವನಿಗೆ ದಂಡ ಎಂದಂತೆ. (ಈ ಐಡಿಯಾ ನಮ್ಮೂರಿನ ಇಂಜಿನಿಯರುಗಳ ಕಿವಿಗೆ ಬೀಳದಿರಲಿ.)

ಥರ್ಮಲ್‌ರೈಟ್, ಥರ್ಮಲ್ ಗ್ರಿಜ್ಲಿ ಮುಂತಾದವರು ಅಲ್ಯೂಮಿನಿಯಂ ಫ್ರೇಮ್ ಮಾಡಿ ಮಾರಿದರು. ಲಿವರ್ ಬಿಚ್ಚಿ ಇದನ್ನು ಕೂರಿಸಬೇಕು. ನಾಲ್ಕೂ ಬದಿ ಸಮನಾಗಿ ಒತ್ತುತ್ತದೆ. ಸ್ಕ್ರೂ ಅತಿಯಾಗಿ ಬಿಗಿದರೆ ರ‍್ಯಾಮ್ ತಕರಾರು ತೆಗೆಯುತ್ತದೆ, ಹಾಗಾಗಿ ಹದವರಿತು ಬಿಗಿಯಲು ಟಾರ್ಕ್ ಸ್ಕ್ರೂಡ್ರೈವರನ್ನೂ ಕೊಳ್ಳಿ. ಚಿಪ್ಪಿಗೆ ಟೋಪಿ ಕಾವಲು, ಟೋಪಿಗೆ ಫ್ರೇಮ್ ಕಾವಲು, ಫ್ರೇಮಿಗೆ ಸ್ಕ್ರೂಡ್ರೈವರ್ ಕಾವಲು. ಜೇಬಿಗೆ ಯಾರೂ ಇಲ್ಲ. 2024ರ ಹೊಸ ಸಾಕೆಟ್ಟಿಗೆ ಇಂಟೆಲ್ಲೇ ಕಡಿಮೆ ಒತ್ತುವ ಚೌಕಟ್ಟು ತಂದಿತು. ಹಾಕುವುದೂ ಬಿಡುವುದೂ ಮದರ್‌ಬೋರ್ಡ್ ಮಾಡುವವರ ಇಷ್ಟ.

ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ನನ್ನ ಪ್ರೊಸೆಸರ್ ಕೂರಿಸುತ್ತಿದ್ದ ಹುಡುಗ ಕೇಳಿದ: "ಸಾರ್, ಫ್ರೇಮ್ ಹಾಕ್ಲಾ?"

"ವಾರಂಟಿ ಹೋಗಲ್ವೇನಪ್ಪಾ?"

"ಅದಕ್ಯಾಕೆ ಟೆನ್ಷನ್ ಸಾರ್? ಹಳೇ ಲಿವರ್ ಕವರಲ್ಲಿ ಹಾಕ್ಕೊಡ್ತೀನಿ, ಜೋಪಾನವಾಗಿಟ್ಕೊಳ್ಳಿ. ಕ್ಲೈಮ್‌ಗೆ ಹೋಗೋ ದಿನ ಅದನ್ನೇ ಹಾಕಿ ಎತ್ಕೊಂಡ್ಹೋಗಿ."