ಹಳೆಯ ರೆಗ್ಯುಲೇಟರ್ ಎಸೆಯಲೇಬೇಕೆ? ಒಂದು ಸ್ಪಷ್ಟನೆ

‘ಐದು ವರ್ಷ ದಾಟಿದ ಸ್ಕೂಬಾ ರೆಗ್ಯುಲೇಟರನ್ನು (ನೀರಿನಡಿ ಈಜುವವರಿಗೆ ಸಿಲಿಂಡರಿನ ಗಾಳಿಯನ್ನು ಉಸಿರಾಡಲು ತಕ್ಕ ಒತ್ತಡಕ್ಕೆ ಇಳಿಸಿ ಕೊಡುವ ಸಾಧನ) ರಿಪೇರಿ ಮಾಡಿಸಬಾರದು, ಹೊಸದನ್ನೇ ಕೊಳ್ಳಬೇಕು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಮಾರುವವರಿಗೆ ಲಾಭವಾದೀತು, ಅಷ್ಟೆ.

ರೆಗ್ಯುಲೇಟರಿನಲ್ಲಿ ಸಿಲಿಂಡರಿಗೆ ಜೋಡಿಸುವ ಭಾಗದ ಒಡಲು ಸಾಮಾನ್ಯವಾಗಿ ಕ್ರೋಮ್ ಲೇಪಿಸಿದ ಹಿತ್ತಾಳೆ. ಸವೆಯುವುದು ಒಳಗಿನ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ), ವಾಲ್ವ್ ಸೀಟು (ಗಾಳಿಯ ದಾರಿ ಮುಚ್ಚುವ ಮೆತ್ತನೆಯ ಬಿಲ್ಲೆ), ಡಯಾಫ್ರಾಮ್ (ಒತ್ತಡಕ್ಕೆ ಬಾಗುವ ತೆಳು ಪೊರೆ)ಗಳು. ತಯಾರಕರು ಹೇಳಿದ ಅವಧಿಗೆ ನುರಿತ ತಂತ್ರಜ್ಞರಿಂದ ಸರ್ವಿಸ್ ಮಾಡಿಸಿದರೆ ಅದು ದಶಕ ದಾಟಿಯೂ ದುಡಿಯುತ್ತದೆ. ಬಿಡಿಭಾಗ ಸಿಗದಿದ್ದರೆ, ಅಥವಾ ಸೀಟು ಕೂರುವ ಲೋಹದ ಅಂಚನ್ನೇ ಉಪ್ಪುನೀರು ತಿಂದು ಗುಳಿ ಬಿದ್ದಿದ್ದರೆ ರಿಪೇರಿಗೆ ಹಣ ಸುರಿಯುವುದು ದಂಡ. ಗಾಳಿ ಒಳಬರುವ ಬಾಯಿಯ ಜಾಲರಿ ಹಸಿರುಗಟ್ಟಿದೆಯೇ? ಒಳಗೆ ನೀರು ಹೊಕ್ಕಿರುವ ಸಾಧ್ಯತೆ ಹೆಚ್ಚು. ಸರ್ವಿಸ್ ಆಗದೆ ನೀರಿಗಿಳಿಯಬೇಡಿ.

ಗಾಳಿ ಸಾಗಿಸುವ ಹೋಸ್ ಪೈಪಿನ ಲೆಕ್ಕವೇ ಬೇರೆ. ತುದಿಯ ಕವಚ ಸರಿಸಿ, ಲೋಹದ ಜೋಡಣೆಯ ಬಳಿ ತುಸು ಬಗ್ಗಿಸಿ ನೋಡಿ. ಬಿರುಕು ಕಂಡರೆ ಟೇಪು, ಅಂಟು ಎಂದು ಹೆಣಗದೆ ಬದಲಿಸಿ.