ನಮ್ಮ ಹಿತ್ಲ ಹಾಲುಬೆಂಡೇಲೂ ಇದೇ ಕಥೆ
ಬೆಂಡೆ ತಳಿಗಳ ವೈವಿಧ್ಯ ನೋಡಿ ಆರಿಸಿ ಇಳುವರಿ ಹೆಚ್ಚಿಸ್ಬಹುದು ಅಂತ ಬರೆದಿದ್ದೀರಲ್ಲ ಸರ್, ತುಂಬಾ ಖುಷಿ ಆಯ್ತು. ನಮ್ದು ಸಾಗರದ ಹತ್ರ, ಅಜ್ಜಿ ಕಾಲದಿಂದ ಇಟ್ಕೊಂಡ್ ಬಂದಿರೋ, ಬಿಳಿಚು ಕಾಯಿ ಬಿಡೋ ಹಾಲುಬೆಂಡೆ ಬೀಜ ಪ್ರತಿ ಮಳೆಗಾಲಕ್ಕೂ ಹಾಕ್ತೀವಿ. ಒಂದೇ ಸಾಲಲ್ಲಿ ಒಂದು ಗಿಡ ಆಳೆತ್ತರ ಹೋಗಿ ಗೆಣ್ಣಿಗೊಂದು ಕಾಯಿ ಬಿಡತ್ತೆ, ಪಕ್ಕದ್ದು ನಾಲ್ಕು ಕಾಯಿ ಕೊಟ್ಟು ನಿಂತೇ ಬಿಡತ್ತೆ. ಆದ್ರೆ ಎಲ್ಲಾ ವ್ಯತ್ಯಾಸನೂ ಬೀಜದ್ದಲ್ಲ, ಗೊಬ್ಬರಗುಂಡಿ ಪಕ್ಕ ಇರೋ ಗಿಡ ಹೇಗೂ ಸೊಂಪಾಗೇ ಬರತ್ತೆ, ಅದ್ರ ಬೀಜನೇ ಒಳ್ಳೇದು ಅಂದ್ಕೊಂಡು ಎತ್ತಿಟ್ರೆ ಮುಂದಿನ ವರ್ಷ ಬೇಜಾರೇ ಗತಿ, ಅದಕ್ಕೇ ಯಾವ ಗುಣ ಪೀಳಿಗೆಗೆ ದಾಟತ್ತೆ ಅಂತ ನೋಡೋದು ಮುಖ್ಯ.

ಇನ್ನೊಂದು, ಬೆಂಡೆ ತನ್ನದೇ ಪರಾಗದಿಂದ ಕಾಯಿ ಕಟ್ಟತ್ತೆ ನಿಜ, ಆದ್ರೂ ಜೇನು ಬಂದು ಬೆರಕೆ ಮಾಡತ್ತೆ. ಒಂದ್ಸಲ ಪಕ್ಕದಲ್ಲೇ ಹೈಬ್ರಿಡ್ ಹಾಕಿ ಮರುವರ್ಷ ಹಾಲುಬೆಂಡೆ ಗಿಡದಲ್ಲಿ ಹಸಿರು ಕಾಯಿ ನೋಡ್ದಾಗ ಅಮ್ಮ ಕಣ್ಣೀರೇ ಹಾಕಿದ್ರು. ಈಗ ಬೀಜಕ್ಕೆ ಬಿಡೋ ಗಿಡದಲ್ಲಿ ನಾಳೆ ಅರಳೋ ಮೊಗ್ಗಿನ ತುದಿಗೆ ಜೇನು ಒಳಗೆ ಹೋಗ್ದಿರ್ಲಿ ಅಂತ ಸಂಜೆನೇ ನೂಲು ಕಟ್ತೀನಿ.

ಬಿಳಿನೊಣ ತರೋ ಹಳದಿ ನಂಜುರೋಗಕ್ಕೆ ಪೂಸಾ ಸಾವನಿ ಅನ್ನೋ ಹಳೇ ಬೆಂಡೆ ತಳಿ ಸೋತ ಮೇಲೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವ್ರು ಕಾಡುಬೆಂಡೆ ಜೊತೆ ಕ್ರಾಸ್ ಮಾಡಿನೇ ಆ ರೋಗ ತಡ್ಕೊಳ್ಳೋ ಅರ್ಕಾ ಅನಾಮಿಕಾ ತಳಿ ತಂದಿದ್ದು. ಇಂಥ ಒಳ್ಳೇ ಗುಣ ಬೇರೆ ಬೆಂಡೆಗಳಲ್ಲೂ ಇರ್ಬಹುದು, ಹಾಗಾಗಿ ನಮ್ಮ ಸಾಗರ ತಾಲ್ಲೂಕಿನ ಇರುವಕ್ಕಿಯ ಕೃಷಿ ವಿವಿಯವ್ರು ನಮ್ಮ ಮಲೆನಾಡಿನ ಹಿತ್ಲು ಬೆಂಡೆ ಬೀಜಗಳನ್ನೂ ಕಲೆಹಾಕಿ ನೋಡ್ಲಿ ಅಂತ ನನ್ನಾಸೆ, ಕೇಳಿದ್ರೆ ನಮ್ಮನೆದು ಒಂದು ಹಿಡಿ ಖಂಡಿತ ಕೊಡ್ತೀನಿ.